ಸ್ವಿಟ್ಜರ್ಲೆಂಡಿನ ಒಕ್ಕೂಟ ಕಟ್ಟಿದ್ದು ನೆಪೋಲಿಯನ್ನಾ?

ಸರೋವರದ_ದಡ

ಎಲ್ಲರಿಗೂ ನಮಸ್ಕಾರ. ನಾನಿರುವುದು ಲೊಸಾನ್‌ನಲ್ಲಿ, ವೋ ಕ್ಯಾಂಟನ್. ಕ್ಯಾಂಟನ್ ಅಂದರೆ ನಮ್ಮ ರಾಜ್ಯ ಇದ್ದ ಹಾಗೆ. ಇಲ್ಲಿನ ರಾಷ್ಟ್ರೀಯ ದಿನ ಆಗಸ್ಟ್ 1, ಒಕ್ಕೂಟದ ಹುಟ್ಟಿನ ಲೆಕ್ಕ 1291ರಿಂದ. ಆದರೆ ನಮ್ಮ ಕ್ಯಾಂಟನ್ ಒಕ್ಕೂಟಕ್ಕೆ ಸೇರಿದ್ದು 1803ರಲ್ಲಿ. ಬಿಳಿ ಹಸಿರಿನ ಬಾವುಟವೂ ಆ ವರ್ಷದ್ದೇ. ಅದಕ್ಕೆ ಕಾರಣವಾದ ಕಾಗದ ಬರೆದದ್ದು ಪ್ಯಾರಿಸ್‌ನಲ್ಲಿ, ಬರೆಸಿದ್ದು ನೆಪೋಲಿಯನ್ ಬೊನಪಾರ್ಟ್.

ಒಕ್ಕೂಟ ವ್ಯವಸ್ಥೆ ಅಂದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಸ್ವಿಟ್ಜರ್ಲೆಂಡಿನ ಕಡೆಗೆ. ಆ ವ್ಯವಸ್ಥೆಯನ್ನು ಹೊರಗಿನ ದೊರೆಯೊಬ್ಬ ತಿದ್ದಿ ಕೊಟ್ಟ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆಫೀಸಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು ಬಿಡುಗಡೆ ಅನ್ನುತ್ತಾರೆ, ಇನ್ನೊಬ್ಬರು ಆಕ್ರಮಣ ಅನ್ನುತ್ತಾರೆ. ತಿಳಿದವರು ಹೇಳಿ.

ಉತ್ತರದ_ಗಾಳಿ

ಆಕ್ರಮಣ ರೀ, ಅದರಲ್ಲಿ ಏನು ಅನುಮಾನ? 1798ರ ಮಾರ್ಚ್ 5ಕ್ಕೆ ಬರ್ನ್ ನಗರ ಬಿತ್ತು. ಫ್ರೆಂಚರು ಮೊದಲು ಕೈ ಹಾಕಿದ್ದು ಖಜಾನೆಗೆ. ಗಾಡಿಗಟ್ಟಲೆ ಚಿನ್ನ ಬೆಳ್ಳಿ ಸಾಗಿಸಿದರು. ಬರ್ನ್ ಊರಿನ ಲಾಂಛನ ಕರಡಿ ಅಲ್ವಾ, ಗುಂಡಿಯಲ್ಲಿ ಸಾಕಿದ್ದ ಕರಡಿಗಳನ್ನೂ ಬಿಡದೆ ಪ್ಯಾರಿಸ್‌ಗೆ ಹೊತ್ತುಕೊಂಡು ಹೋದರು. ಬಿಡುಗಡೆ ಮಾಡಲು ಬಂದವರಿಗೆ ಕರಡಿ ಯಾಕೆ ಬೇಕಿತ್ತು?

ಇತಿಹಾಸ_ಮೇಷ್ಟ್ರು

ಕರಡಿ ಕಥೆ ನಿಜ. ಆದರೆ ಅದರ ಹಿಂದಿನದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

1798ಕ್ಕೆ ಮೊದಲು ಅದು ದೇಶ ಅನ್ನುವಂತೆ ಇರಲಿಲ್ಲ. 13 ಕ್ಯಾಂಟನ್‌ಗಳ ಒಂದು ಕೂಟ. 1513ರಲ್ಲಿ ಆಪ್ಪೆನ್‌ಟ್ಸೆಲ್ ಸೇರಿದ ಮೇಲೆ ಆ ಲೆಕ್ಕ ಬದಲಾಗಲೇ ಇಲ್ಲ. ಕೇಂದ್ರ ಸರ್ಕಾರ ಇಲ್ಲ, ಒಂದೇ ಸೈನ್ಯ ಇಲ್ಲ, ಒಂದೇ ನಾಣ್ಯ ಇಲ್ಲ. ಆಗಾಗ ಕ್ಯಾಂಟನ್‌ಗಳ ಪ್ರತಿನಿಧಿಗಳು ಒಂದು ಕಡೆ ಸೇರುತ್ತಿದ್ದರು, ಅಷ್ಟೆ. ಬಂದವರು ತಮ್ಮ ಊರಿನವರು ಹೇಳಿ ಕಳಿಸಿದ್ದನ್ನು ಬಿಟ್ಟು ಬೇರೆ ಮಾತಾಡುವ ಹಾಗಿರಲಿಲ್ಲ.

ಈ 13ರ ಕೆಳಗೆ ಆಳಿಸಿಕೊಳ್ಳುವ ನಾಡುಗಳಿದ್ದವು. ಜನ ಜಾಸ್ತಿ ಮರೆಯುವುದು ಇದನ್ನೇ. ವೋ ನಾಡನ್ನು ಬರ್ನ್ 1536ರಲ್ಲಿ ಗೆದ್ದುಕೊಂಡಿತ್ತು. ಆರ್ಗಾವ್‌ನ ದೊಡ್ಡ ಭಾಗ 1415ರಿಂದ ಬರ್ನ್ ಕೈಯಲ್ಲಿತ್ತು. ಥೂರ್ಗಾವ್ 1460ರಿಂದ ಹಲವು ಕ್ಯಾಂಟನ್‌ಗಳ ಜಂಟಿ ಆಸ್ತಿ. ಇಟಾಲಿಯನ್ ಮಾತಾಡುವ ಟಿಚಿನೊ ಕಡೆಯೂ ಹಾಗೇ. ಅಲ್ಲಿಗೆ ಆಳುವ ಕ್ಯಾಂಟನ್‌ಗಳು ಸರದಿ ಪ್ರಕಾರ ಎರಡೆರಡು ವರ್ಷಕ್ಕೆ ಒಬ್ಬ ಅಮಲ್ದಾರನನ್ನು ಕಳಿಸುತ್ತಿದ್ದವು. ಎರಡು ವರ್ಷದಲ್ಲಿ ಹಾಕಿದ ಬಂಡವಾಳ ವಾಪಸ್ ತೆಗೆಯಬೇಕು ಅಂದರೆ ಏನು ಮಾಡುತ್ತಾನೆ, ನೀವೇ ಊಹಿಸಿ.

ಸ್ವಾತಂತ್ರ್ಯಕ್ಕೆ ಹೆಸರಾದ ಬೆಟ್ಟದ ಕ್ಯಾಂಟನ್‌ಗಳೇ, ಊರಿನ ಬಯಲಿನಲ್ಲಿ ಕೈ ಎತ್ತಿ ಕಾನೂನು ಮಾಡುತ್ತಿದ್ದ ಊರಿ, ಶ್ವಿಟ್ಸ್‌ನವರೇ, ಬೆಟ್ಟದ ಆ ಕಡೆ ಬೇರೆಯವರನ್ನು ಆಳುತ್ತಿದ್ದರು.

ಸರೋವರದ_ದಡ

ಮೇಷ್ಟ್ರೇ, ಇದಕ್ಕೆ ಇಲ್ಲೊಂದು ಸಾಕ್ಷಿ ಇದೆ. ಲೊಸಾನ್‌ನ ಹಳೇ ಊರು ಗುಡ್ಡದ ಮೇಲಿದೆ. ಅಲ್ಲಿ ಸೇಂಟ್ ಮೇರ್ ಅನ್ನುವ ಕೋಟೆ. ಚೌಕಾಕಾರ, ಕೆಳಗೆ ಕಲ್ಲು, ಮೇಲೆ ಇಟ್ಟಿಗೆ. ಬರ್ನ್‌ನಿಂದ ಬಂದ ಅಮಲ್ದಾರ ಕೂರುತ್ತಿದ್ದದ್ದು ಅಲ್ಲೇ. ಈಗ ಅದೇ ಕಟ್ಟಡದಲ್ಲಿ ವೋ ಕ್ಯಾಂಟನ್ನಿನ ಸರ್ಕಾರ ನಡೆಯುತ್ತದೆ.

ಕೋಟೆಯ ಗೋಡೆಗೆ ಮೇಜರ್ ದಾವೆಲ್ ಪ್ರತಿಮೆ ಇದೆ. 1723ರಲ್ಲಿ ಆತ ಕೆಲವು ನೂರು ಸೈನಿಕರನ್ನು ಕರೆದುಕೊಂಡು ಲೊಸಾನ್‌ಗೆ ಬಂದ. ಬಂದೂಕಿಗೆ ಮದ್ದು ಗುಂಡು ಕೂಡ ಇರಲಿಲ್ಲ. ಬರ್ನ್ ಆಳ್ವಿಕೆ ಸಾಕು, ನಾವು ಸ್ವತಂತ್ರರಾಗೋಣ ಅಂದ. ನಗರಸಭೆಯವರು ಹೂಂ ಹೂಂ ಅಂದು, ಹಿಂದಿನಿಂದ ಬರ್ನ್‌ಗೆ ಸುದ್ದಿ ಮುಟ್ಟಿಸಿದರು. ಸರೋವರದ ಪಕ್ಕದ ವಿಡಿಯಲ್ಲಿ ಆತನ ತಲೆ ತೆಗೆದರು. ಆ ಜಾಗದಲ್ಲಿ ಕಲ್ಲು ನೆಟ್ಟಿದ್ದಾರೆ. ಭಾನುವಾರ ಜನ ಅದರ ಪಕ್ಕದಲ್ಲೇ ಮಾಂಸ ಸುಟ್ಟುಕೊಂಡು ತಿನ್ನುತ್ತಿರುತ್ತಾರೆ.

ಅಂದರೆ ಒಳಗಿನಿಂದ ಪ್ರಯತ್ನ ಆಗಿರಲಿಲ್ಲ ಅಂತಲ್ಲ. ಆಗಿತ್ತು, ಸೋತಿತ್ತು.

ಹಳೇ_ಪೇಟೆ

ಹಾಗಾದರೆ ಫ್ರೆಂಚರನ್ನು ಕರೆದವರು ಯಾರು? ಕರೆಯದೆ ಬಂದರಾ?

ಇತಿಹಾಸ_ಮೇಷ್ಟ್ರು

ಕರೆದದ್ದೂ ಹೌದು, ಅವರಿಗೆ ಬೇಕಾಗಿಯೂ ಇತ್ತು. ವೋ ನಾಡಿನ ಫ್ರೆದೆರಿಕ್ ಸೆಸಾರ್ ದ ಲಾ ಹಾರ್ಪ್ ಅನ್ನುವ ವಕೀಲ. ಈತ ಹಿಂದೆ ರಷ್ಯಾದಲ್ಲಿ ಅರಮನೆಯ ಮೇಷ್ಟ್ರಾಗಿದ್ದ. ಮುಂದೆ ತ್ಸಾರ್ ಆದ ಮೊದಲನೇ ಅಲೆಕ್ಸಾಂಡರ್ ಈತನ ಶಿಷ್ಯ. ಈ ಶಿಷ್ಯನ ಹೆಸರು ನೆನಪಿಡಿ, ಆಮೇಲೆ ಬರುತ್ತಾನೆ. ಲಾ ಹಾರ್ಪ್ 1797ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಸರ್ಕಾರಕ್ಕೆ ಮನವಿ ಕೊಟ್ಟ, ನಮ್ಮ ನಾಡಿನ ಹಳೇ ಹಕ್ಕುಗಳನ್ನು ಕಾಪಾಡಿ ಅಂತ. ಬಾಸೆಲ್‌ನ ಪೀಟರ್ ಓಕ್ಸ್ ಅಲ್ಲೇ ಕೂತು ಹೊಸ ಸಂವಿಧಾನದ ಕರಡು ಬರೆದ.

ಫ್ರಾನ್ಸಿಗೆ ಬೇಕಿದ್ದದ್ದು ಆಲ್ಪ್ಸ್ ಕಣಿವೆ ದಾರಿಗಳು. ಇಟಲಿಗೆ ಸೈನ್ಯ ದಾಟಿಸಬೇಕು, ಆಸ್ಟ್ರಿಯಾವನ್ನು ದೂರ ಇಡಬೇಕು. 1798ರ ಜನವರಿ 24ಕ್ಕೆ ವೋ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಮರುದಿನ ರಾತ್ರಿ ತಿಯೆರಾಂ ಅನ್ನುವ ಹಳ್ಳಿಯಲ್ಲಿ ಗೊಂದಲವಾಗಿ ಇಬ್ಬರು ಫ್ರೆಂಚ್ ಸವಾರರು ಸತ್ತರು. ಅಷ್ಟು ಸಾಕಾಯಿತು, ಸೈನ್ಯ ಒಳಗೆ ಬಂತು.

ಗಂಜಾಂ_ಹುಡುಗ

ಮಧ್ಯದಲ್ಲಿ ಬಂದೆ, ಬೇಸರ ಮಾಡ್ಕೋಬೇಡಿ. ಬರ್ನ್ ಖಜಾನೆ ಅಂದಿರಲ್ಲ, ಅದರಲ್ಲಿ ಒಂದು ಪಾಲು ಹೋದದ್ದು ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ಖರ್ಚಿಗೆ. ಆ ಈಜಿಪ್ಟಿನಿಂದಲೇ 1799ರ ಜನವರಿಯಲ್ಲಿ ಆತ ಟಿಪ್ಪುವಿಗೆ ಪತ್ರ ಬರೆದ, ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ ಅಂತ. ಪತ್ರ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಇನ್ನೊಂದು ಕೇಳಿ. ಆ ಮುತ್ತಿಗೆಯಲ್ಲಿ ಇಂಗ್ಲಿಷರ ಕಡೆ ದ ಮ್ಯೂರೋನ್ ರೆಜಿಮೆಂಟ್ ಇತ್ತು. ನೂಶಾತೆಲ್‌ನ ಶಾರ್ಲ್ ದಾನಿಯೆಲ್ ದ ಮ್ಯೂರೋನ್ 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಸ್ವಿಸ್ ಪಡೆ ಅದು. ಸಿಲೋನಿನಲ್ಲಿದ್ದಾಗ 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ತಿರುಗಿತು. ನಮ್ಮೂರ ಹತ್ತಿರ ಕಾವೇರಿ ದಡದಲ್ಲಿ ಗ್ಯಾರಿಸನ್ ಸ್ಮಶಾನ ಇದೆ. ಅಲ್ಲಿ ಆ ರೆಜಿಮೆಂಟಿನವರ ಗೋರಿಗಳಿವೆ. ಚಿಕ್ಕಂದಿನಲ್ಲಿ ಅಲ್ಲಿ ಆಡುವಾಗ ಇವರೆಲ್ಲ ಇಂಗ್ಲಿಷರೇ ಅಂದುಕೊಂಡಿದ್ದೆವು.

ಸರೋವರದ_ದಡ

ಅಬ್ಬಾ! ನೂಶಾತೆಲ್ ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ಒಳಗೆ. ಆಗ ಅದು ಪ್ರಷ್ಯಾ ರಾಜನ ಆಸ್ತಿ, ಸ್ವಿಸ್ ಕೂಟಕ್ಕೆ ಬರೀ ನೆಂಟ.

ಉತ್ತರದ_ಗಾಳಿ

ಕಾವೇರಿ ದಡದಿಂದ ವಾಪಸ್ ಬರ್ರಿ. ಫ್ರೆಂಚರು ಬಂದು ಮಾಡಿದ್ದೇನು ಹೇಳಿ. ಒಕ್ಕೂಟ ಕಟ್ಟಿದರಾ? ಇಲ್ಲ. 1798ರ ಏಪ್ರಿಲ್ 12ಕ್ಕೆ ಆರಾವ್‌ನಲ್ಲಿ ಹೆಲ್ವೆಟಿಕ್ ಗಣರಾಜ್ಯ ಘೋಷಿಸಿದರು. ಒಂದೇ ರಾಜ್ಯ, ಒಡೆಯಲಾಗದ್ದು. ಮೇಲೆ ಐದು ಜನರ ಸರ್ಕಾರ. ಕ್ಯಾಂಟನ್ ಅಂದರೆ ಬರೀ ಜಿಲ್ಲೆ, ಮೇಲಿನಿಂದ ನೇಮಕವಾದ ಅಧಿಕಾರಿ. ಐನೂರು ವರ್ಷದ ಊರಿ, ಶ್ವಿಟ್ಸ್, ಉಂಟರ್‌ವಾಲ್ಡೆನ್, ತ್ಸುಗ್ ನಾಲ್ಕನ್ನೂ ಸೇರಿಸಿ ವಾಲ್ಡ್‌ಸ್ಟೆಟನ್ ಅಂತ ಒಂದೇ ಕ್ಯಾಂಟನ್ ಮಾಡಿದರು. ಯಾಕೆ ಗೊತ್ತಾ? ಪ್ರತಿ ಕ್ಯಾಂಟನ್ನಿಗೆ ಸೆನೆಟಿನಲ್ಲಿ ನಾಲ್ಕು ಸೀಟು. ಹಠಮಾರಿಗಳಿಗೆ ಹದಿನಾರು ಸೀಟು ಬದಲು ನಾಲ್ಕೇ ಸಿಗಲಿ ಅಂತ!

ಉಂಟರ್‌ವಾಲ್ಡೆನ್‌ನ ಒಂದು ಭಾಗವಾದ ನಿಡ್ವಾಲ್ಡೆನ್‌ನವರು ಹೊಸ ಸಂವಿಧಾನಕ್ಕೆ ಪ್ರಮಾಣ ಮಾಡಲ್ಲ ಅಂದರು. 1798ರ ಸೆಪ್ಟೆಂಬರ್ 9ರಂದು ಫ್ರೆಂಚ್ ಸೈನ್ಯ ನುಗ್ಗಿತು. ಸುಮಾರು 400 ಜನ ಸತ್ತರು, ಹೆಂಗಸರು ಮಕ್ಕಳೂ ಸೇರಿ. ಸ್ಟಾನ್ಸ್ ಊರು ಸುಟ್ಟು ಹೋಯಿತು. ಅಲ್ಲಿ ತಬ್ಬಲಿಯಾದ ಮಕ್ಕಳನ್ನು ಸಾಕಲು ಸರ್ಕಾರವೇ ಶಿಕ್ಷಣತಜ್ಞ ಪೆಸ್ಟಲೊಜ್ಜಿಯನ್ನು ಕಳಿಸಬೇಕಾಯಿತು. ಬಿ.ಎಡ್. ಓದಿದವರಿಗೆ ಪೆಸ್ಟಲೊಜ್ಜಿ ಹೆಸರು ಗೊತ್ತಿರುತ್ತದೆ. ಆ ಮಕ್ಕಳು ಯಾಕೆ ತಬ್ಬಲಿಯಾದರು ಅಂತ ಮಾತ್ರ ಯಾವ ಗೈಡಿನಲ್ಲೂ ಬರೆದಿರಲ್ಲ.

ಬೆಲ್ಲದ_ಕಾಫಿ

ನಾನು ಬಿ.ಎಡ್. ಮಾಡಿದ್ದೇನೆ. ಹೌದು, ಬರೆದಿರಲಿಲ್ಲ.

ಒಂದು ಪ್ರಶ್ನೆ. ಆ ಗಣರಾಜ್ಯದಲ್ಲಿ ಒಳ್ಳೇದು ಏನೂ ಇರಲಿಲ್ವಾ? ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರಕ್ಕೂ ಸಮಾನ ಸ್ಥಾನ ಮೊದಲು ಬಂದದ್ದು ಆಗಲೇ ಅಂತ ಕೇಳಿದ್ದೇನೆ.

ಇತಿಹಾಸ_ಮೇಷ್ಟ್ರು

ಇತ್ತು. ಕಾನೂನುಗಳು ಮೂರು ಭಾಷೆಯಲ್ಲಿ ಹೊರಟವು. ಅದಕ್ಕೆ ಮೊದಲು ಕೂಟದ ವ್ಯವಹಾರ ಜರ್ಮನ್‌ನಲ್ಲಿ. ವಿಚಾರಣೆಯಲ್ಲಿ ಚಿತ್ರಹಿಂಸೆ ಕೊಡುವುದನ್ನು ನಿಲ್ಲಿಸಿದರು. ಎಲ್ಲಕ್ಕಿಂತ ದೊಡ್ಡದು, ಆಳಿಸಿಕೊಳ್ಳುವ ನಾಡು ಅನ್ನುವುದೇ ಹೋಯಿತು. ಟಿಚಿನೊದವನೂ ಬರ್ನ್‌ನವನೂ ಕಾನೂನಿನ ಮುಂದೆ ಒಂದೇ.

ಆದರೆ ಕೈಯಲ್ಲಿ ಕಾಸಿಲ್ಲ. ಫ್ರೆಂಚ್ ಸೈನ್ಯವನ್ನು ಸಾಕಬೇಕು. 1799ರಲ್ಲಿ ಫ್ರಾನ್ಸ್, ಆಸ್ಟ್ರಿಯಾ, ರಷ್ಯಾ ಮೂವರೂ ಈ ನೆಲದ ಮೇಲೇ ಬಡಿದಾಡಿದರು. ಜ್ಯೂರಿಕ್ ಸುತ್ತ ಒಂದೇ ವರ್ಷದಲ್ಲಿ ಎರಡು ದೊಡ್ಡ ಯುದ್ಧ. 1800ರಿಂದ 1802ರ ಒಳಗೆ ನಾಲ್ಕು ಸಲ ಸರ್ಕಾರ ಉರುಳಿತು.

ರೈತರಿಗೆ ಕಂದಾಯ, ಗೇಣಿ ರದ್ದು ಅಂತ ಮೊದಲು ಹೇಳಿ, ಆಮೇಲೆ ಖಜಾನೆ ಬರಿದಾದಾಗ ಮತ್ತೆ ಹೇರಿದರು. ಅದಕ್ಕೆ ವೋ ನಾಡಿನ ರೈತರು ಏನು ಮಾಡಿದರು ಅಂತ ಸರೋವರದ ದಡದವರೇ ಹೇಳಬೇಕು. ಅವರ ಊರ ಕಥೆ.

ಸರೋವರದ_ದಡ

ಇದು ನನಗೆ ತುಂಬ ಇಷ್ಟದ ಕಥೆ. 1802ರ ಬೇಸಿಗೆಗೆ ಮುಂಚೆ, ಹಳ್ಳಿಯವರು ಗುಂಪು ಕಟ್ಟಿಕೊಂಡು ಒಂದೊಂದೇ ಕೋಟೆಗೆ ಹೋದರು. ಜೀವ ತೆಗೆಯುವುದಕ್ಕಲ್ಲ, ಬೆಳ್ಳಿ ಪಾತ್ರೆಗೂ ಅಲ್ಲ. ಕಡತ ಕೊಡಿ ಅಂದರು. ಯಾರ ಹೊಲ, ಎಷ್ಟು ಗೇಣಿ, ಯಾವ ಒಡೆಯನಿಗೆ ಅಂತ ಬರೆದಿಟ್ಟ ಹಳೇ ಪುಸ್ತಕಗಳು. ಅವನ್ನು ಅಂಗಳಕ್ಕೆ ತಂದು ರಾಶಿ ಹಾಕಿ ಬೆಂಕಿ ಇಟ್ಟರು. ಲೆಕ್ಕವೇ ಇಲ್ಲದಿದ್ದರೆ ವಸೂಲಿ ಹೇಗೆ ಮಾಡುತ್ತೀರಿ ಅನ್ನುವ ಸರಳ ತರ್ಕ. ಮೊದಲು ಸುಟ್ಟದ್ದು ಲಾ ಸರಾಜ್ ಕೋಟೆಯಲ್ಲಿ.

ಕೊನೆಗೆ ಸರ್ಕಾರ ಫ್ರೆಂಚ್ ಸೈನಿಕರನ್ನು ಕರೆಸಿ ದಂಗೆ ಅಡಗಿಸಿತು. ಬಿಡುಗಡೆ ಮಾಡಲು ಬಂದ ಸೈನ್ಯವೇ ಬಿಡುಗಡೆ ಕೇಳಿದ ರೈತರ ಮೇಲೆ. ಉತ್ತರದ ಗಾಳಿಯವರಿಗೆ ಈ ಒಂದು ಅಂಕ ನಾನೇ ಕೊಡುತ್ತೇನೆ.

ಹಳೇ_ಪೇಟೆ

ಅದೇ ವರ್ಷದ ಜನಮತದ ತಮಾಷೆ ಯಾರೂ ಹೇಳಲಿಲ್ಲ! 1802ರಲ್ಲಿ ಹೊಸ ಸಂವಿಧಾನಕ್ಕೆ ದೇಶಾದ್ಯಂತ ಮತ ಹಾಕಿಸಿದರು. ಸ್ವಿಟ್ಜರ್ಲೆಂಡಿನಲ್ಲಿ ಇಡೀ ದೇಶಕ್ಕೆ ನಡೆದ ಮೊದಲ ಜನಮತ ಅದು. ಹೌದು ಅಂದವರು 72,453. ಬೇಡ ಅಂದವರು 92,423. ಸೋತಿತು ಅಲ್ವಾ? ಇಲ್ಲ. ಮತ ಹಾಕದೆ ಮನೆಯಲ್ಲಿ ಕೂತ 1,67,172 ಜನರನ್ನೂ ಒಪ್ಪಿದವರ ಲೆಕ್ಕಕ್ಕೆ ಸೇರಿಸಿದರು. ಸಂವಿಧಾನ ಪಾಸ್.

ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಇದನ್ನು ಓದದಿರಲಿ.

ಉತ್ತರದ_ಗಾಳಿ

ಹ್ಹಹ್ಹ. ಆ ಪಾಸಾದ ಸಂವಿಧಾನ ಎಷ್ಟು ದಿನ ಬಾಳಿತು ಹೇಳಿ. 1802ರ ಬೇಸಿಗೆಯಲ್ಲಿ ನೆಪೋಲಿಯನ್ ತನ್ನ ಸೈನ್ಯ ವಾಪಸ್ ಕರೆಸಿಕೊಂಡ. ಆಗಸ್ಟ್ ಕೊನೆಗೆ ಬೆಟ್ಟದವರು ದೊಣ್ಣೆ, ಕೋಲು, ಕೈಗೆ ಸಿಕ್ಕಿದ್ದು ಹಿಡಿದು ಎದ್ದರು. ಮುಂದಾಳು ಶ್ವಿಟ್ಸ್‌ನ ಆಲೋಯಿಸ್ ರೆಡಿಂಗ್. ಸೆಪ್ಟೆಂಬರ್ 18ಕ್ಕೆ ಬರ್ನ್ ಕೈಬಿಟ್ಟಿತು. ಸರ್ಕಾರ ಗಂಟು ಮೂಟೆ ಕಟ್ಟಿಕೊಂಡು ಲೊಸಾನ್‌ಗೆ ಓಡಿತು. ಫ್ರೆಂಚ್ ಬಂದೂಕು ಇಲ್ಲದೆ ಆ ಗಣರಾಜ್ಯ ಎರಡು ತಿಂಗಳು ನಿಲ್ಲಲಿಲ್ಲ.

ಇತಿಹಾಸ_ಮೇಷ್ಟ್ರು

ಹೌದು. ಅವನು ಬೇಕೆಂದೇ ಸೈನ್ಯ ವಾಪಸ್ ತೆಗೆದ, ಇವರು ಬಡಿದಾಡಿಕೊಳ್ಳಲಿ, ಆಮೇಲೆ ನನ್ನ ಹತ್ತಿರವೇ ಬರುತ್ತಾರೆ ಅನ್ನುವ ಲೆಕ್ಕ ಇತ್ತು ಅಂತ ಹಲವು ಇತಿಹಾಸಕಾರರು ಬರೆಯುತ್ತಾರೆ. ಸೆಪ್ಟೆಂಬರ್ 30ಕ್ಕೆ ಘೋಷಣೆ ಬಂತು: ನಾನು ಮಧ್ಯಸ್ಥ, ಎಲ್ಲರೂ ಆಯುಧ ಕೆಳಗಿಡಿ, ಪ್ರತಿನಿಧಿಗಳನ್ನು ಪ್ಯಾರಿಸ್‌ಗೆ ಕಳಿಸಿ. ಹಿಂದೆಯೇ ಜನರಲ್ ನೇ ಸೈನ್ಯದೊಂದಿಗೆ ಬಂದ. ರೆಡಿಂಗನನ್ನು ಹಿಡಿದು ಆರ್ಬುರ್ಗ್ ಕೋಟೆಯಲ್ಲಿ ಕೂಡಿಹಾಕಿದರು.

ಊರಲ್ಲಿ ಅಣ್ಣತಮ್ಮಂದಿರು ಪಾಲಿಗೆ ಜಗಳವಾಡುವಾಗ ಪಟೇಲರು ನಡುವೆ ಬಂದು, ನ್ಯಾಯವಾಗಿಯೇ ಪಾಲು ಮಾಡಿ, ದಾರಿ ಪಕ್ಕದ ಒಂದು ಗದ್ದೆ ತಾವಿಟ್ಟುಕೊಳ್ಳುವುದು ನೋಡಿದ್ದೀರಲ್ಲ, ಥೇಟ್ ಅದೇ.

ಆ ದಾರಿ ಪಕ್ಕದ ಗದ್ದೆ ಇಲ್ಲಿ ವಾಲೇ ಅನ್ನುವ ನಾಡು. ಸಿಂಪ್ಲೋನ್ ಕಣಿವೆಯಲ್ಲಿ ಇಟಲಿಗೆ ಫಿರಂಗಿ ಸಾಗಿಸುವ ರಸ್ತೆ ಮಾಡಿಸುತ್ತಿದ್ದ. ಹಾಗಾಗಿ ವಾಲೇಯನ್ನು 1802ರಲ್ಲೇ ಬೇರೆ ಗಣರಾಜ್ಯ ಅಂತ ಬಿಡಿಸಿ ಇಟ್ಟ, 1810ರಲ್ಲಿ ಸೀದಾ ಫ್ರಾನ್ಸಿಗೆ ಸೇರಿಸಿಕೊಂಡ. ಜಿನೀವಾ 1798ರಲ್ಲೇ ಅವರ ಕೈಗೆ ಹೋಗಿತ್ತು.

ಪ್ಯಾರಿಸ್‌ಗೆ ಹೋದ ಪ್ರತಿನಿಧಿಗಳಲ್ಲಿ ಬಹುಪಾಲು ಒಂದೇ ರಾಜ್ಯ ಬೇಕು ಅನ್ನುವವರು. ಕ್ಯಾಂಟನ್‌ಗಳು ಬೇಕು ಅನ್ನುವವರು ಕಡಿಮೆ. ಮಾತಾಡಿಸಲು ನಾಲ್ವರು ಫ್ರೆಂಚ್ ಸೆನೆಟರುಗಳನ್ನು ಕೂರಿಸಿದ, ಅದರಲ್ಲಿ ಪೊಲೀಸ್ ಮಂತ್ರಿಯಾಗಿದ್ದ ಫೂಶೇ ಕೂಡ ಒಬ್ಬ. 1803ರ ಜನವರಿ 29ಕ್ಕೆ ಎರಡೂ ಪಕ್ಷಗಳಿಂದ ಐವರಂತೆ ಹತ್ತು ಜನರನ್ನು ತಾನೇ ಕರೆದು ಗಂಟೆಗಟ್ಟಲೆ ಮಾತಾಡಿದ. ಯಾವ ಕ್ಯಾಂಟನ್ನಿನಲ್ಲಿ ಯಾರು ಹೇಗೆ ಮತ ಹಾಕುತ್ತಾರೆ ಅನ್ನುವವರೆಗೆ ವಿವರ ಕೇಳಿದ.

ಬಹುಮತ ಒಂದೇ ರಾಜ್ಯದ ಕಡೆ ಇದ್ದರೂ ಅವನು ಕೊಟ್ಟದ್ದು ಒಕ್ಕೂಟ. ನಿಮ್ಮ ದೇಶವನ್ನು ಪ್ರಕೃತಿಯೇ ಒಕ್ಕೂಟವಾಗಿ ಮಾಡಿದೆ, ಅದರ ವಿರುದ್ಧ ಹೋಗುವುದು ಜಾಣತನವಲ್ಲ ಅನ್ನುವ ಅರ್ಥದ ಮಾತು ಅವನ ಪತ್ರದಲ್ಲೇ ಇದೆ.

ಬೆಲ್ಲದ_ಕಾಫಿ

ಇದು ವಿಚಿತ್ರ. ಫ್ರಾನ್ಸಿನಲ್ಲಿ ಎಲ್ಲವನ್ನೂ ಪ್ಯಾರಿಸ್ ಮುಷ್ಟಿಗೆ ತಂದವನು ಇಲ್ಲಿ ಯಾಕೆ ಹಂಚಿದ?

ಉತ್ತರದ_ಗಾಳಿ

ಯಾಕೆ ಅಂದರೆ ಪಕ್ಕದ ಮನೆಯವರು ಹತ್ತೊಂಬತ್ತು ಪಾಲಾಗಿದ್ದರೆ ನಮಗೆ ತಲೆನೋವು ಕಡಿಮೆ, ಅಷ್ಟೇ ರೀ. ಅವರ ಪ್ರಕೃತಿಯ ಮೇಲೆ ಅವನಿಗೇನು ಪ್ರೀತಿ? 19 ಕ್ಯಾಂಟನ್ ಸೇರಿ ಕೊಡಬೇಕಾದ ಸೈನ್ಯ 15,203 ಜನ. ಫ್ರಾನ್ಸಿಗೆ ಕೊಡಬೇಕೆಂದು ಅದೇ ವರ್ಷ ಬರೆಸಿಕೊಂಡದ್ದು 16,000 ಜನ! ತಮ್ಮ ದೇಶ ಕಾಯುವುದಕ್ಕಿಂತ ಜಾಸ್ತಿ ಹುಡುಗರು ಅವನಿಗೆ. 1812ರಲ್ಲಿ ರಷ್ಯಾಕ್ಕೆ ಸುಮಾರು 9,000 ಸ್ವಿಸ್ ಹುಡುಗರು ಹೋದರು. ಬೆರೆಜಿನಾ ನದಿಯ ಹತ್ತಿರ ಫ್ರೆಂಚ್ ಸೈನ್ಯ ದಾಟಲಿ ಅಂತ ಅಡ್ಡ ನಿಂತು ಸತ್ತರು. ತಿರುಗಿ ಬಂದವರು ಕೆಲವೇ ನೂರು.

ಗಂಜಾಂ_ಹುಡುಗ

ನಮ್ಮಲ್ಲೂ ಅದೇ ಹೊತ್ತಿಗೆ ಅದೇ ಆಟ. 1799ರ ಒಪ್ಪಂದದಲ್ಲಿ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ಇಂಗ್ಲಿಷ್ ಕಂಪನಿಗೆ ಕೊಡಬೇಕಿತ್ತು, ಅವರ ಸೈನ್ಯ ನಮ್ಮನ್ನು ಕಾಯುವುದಕ್ಕೆ. ಸಿಂಹಾಸನದ ಮೇಲೆ ಚಿಕ್ಕ ಹುಡುಗ ಕೃಷ್ಣರಾಜ ಒಡೆಯರು, ಆಡಳಿತ ಪೂರ್ಣಯ್ಯನವರದು, ಪಕ್ಕದಲ್ಲಿ ಕಂಪನಿಯ ಪ್ರತಿನಿಧಿ ರೆಸಿಡೆಂಟ್. ನಾವು ದುಡ್ಡು ಕೊಟ್ಟೆವು, ಅವರು ಹುಡುಗರನ್ನು ಕೊಟ್ಟರು.

ಇತಿಹಾಸ_ಮೇಷ್ಟ್ರು

ಹೋಲಿಕೆ ಚೆನ್ನಾಗಿದೆ. ಸ್ವಿಸ್ ಕಡೆ ರೆಸಿಡೆಂಟ್ ಜಾಗದಲ್ಲಿ ಫ್ರೆಂಚ್ ರಾಯಭಾರಿ. ಒಕ್ಕೂಟದ ಮುಖ್ಯಸ್ಥ ಲ್ಯಾಂಡಮನ್ ಯಾವ ದೊಡ್ಡ ಹೆಜ್ಜೆ ಇಡಬೇಕಾದರೂ ಆತನ ಮುಖ ನೋಡಬೇಕಿತ್ತು. ಮೊದಲ ಲ್ಯಾಂಡಮನ್ ಫ್ರಿಬೂರ್‌ನ ಲೂಯಿ ದಾಫ್ರಿ, ಹಿಂದೆ ಫ್ರೆಂಚ್ ರಾಜನ ಸ್ವಿಸ್ ಗಾರ್ಡಿನಲ್ಲಿದ್ದವನು. ನೆಪೋಲಿಯನ್ ತನ್ನ ಬಿರುದುಗಳ ಸಾಲಿಗೆ ಸ್ವಿಸ್ ಒಕ್ಕೂಟದ ಮಧ್ಯಸ್ಥ ಅನ್ನುವುದನ್ನೂ ಸೇರಿಸಿಕೊಂಡ.

ಆದರೂ 1803ರ ಫೆಬ್ರವರಿ 19ಕ್ಕೆ ಕೈಗಿಟ್ಟ ಆ ಪತ್ರವನ್ನು ಒಮ್ಮೆ ನೋಡಿ. ಮೊದಲ 19 ಅಧ್ಯಾಯ ಒಂದೊಂದು ಕ್ಯಾಂಟನ್ನಿನ ಸಂವಿಧಾನ. ಒಕ್ಕೂಟದ್ದು 20ನೆಯದು, ಕೊನೆಗೆ. ಹಳೆಯ 13 ಉಳಿದವು, ಹೊಸದಾಗಿ ಆರು ಬಂದವು: ವೋ, ಆರ್ಗಾವ್, ಥೂರ್ಗಾವ್, ಟಿಚಿನೊ, ಸೇಂಟ್ ಗಾಲೆನ್, ಗ್ರೌಬುಂಡೆನ್. ಆಳಿಸಿಕೊಳ್ಳುವ ನಾಡು ಇಲ್ಲ, ಹುಟ್ಟಿನಿಂದ ಬರುವ ವಿಶೇಷ ಹಕ್ಕು ಇಲ್ಲ ಅಂತ ಬರೆದಿದೆ. ಒಕ್ಕೂಟದ ಸಭೆಯಲ್ಲಿ ಲಕ್ಷಕ್ಕಿಂತ ಜಾಸ್ತಿ ಜನ ಇರುವ ಕ್ಯಾಂಟನ್ನಿಗೆ ಎರಡು ಮತ, ಉಳಿದವಕ್ಕೆ ಒಂದು. ಹಾಗೆ ಎರಡು ಮತ ಸಿಕ್ಕ ಆರರಲ್ಲಿ ನಾಲ್ಕು ಹೊಸಬರೇ. ನಿನ್ನೆವರೆಗೆ ಆಳಿಸಿಕೊಂಡ ವೋಗೂ ಎರಡು, ಆಳಿದ ಬರ್ನ್‌ಗೂ ಎರಡು. ಶ್ವಿಟ್ಸ್‌ಗೆ ಒಂದು.

ಸ್ವರ್ಗ ಅಂತಲ್ಲ. ನಗರದ ಹಳೇ ಮನೆತನಗಳು ಬರ್ನ್, ಜ್ಯೂರಿಕ್‌ನಲ್ಲಿ ಮತ್ತೆ ಬಂದು ಕೂತವು. ಗೇಣಿ ಬಿಡಿಸಿಕೊಳ್ಳುವ ದರದ ವಿಷಯಕ್ಕೆ 1804ರಲ್ಲಿ ಜ್ಯೂರಿಕ್ ಹಳ್ಳಿಗರು ದಂಗೆ ಎದ್ದರು, ಸರ್ಕಾರ ಅವರ ಮುಂದಾಳನ್ನು ಕೊಂದಿತು.

ಹಳೇ_ಪೇಟೆ

ನನ್ನ ಅನುಮಾನ ಬೇರೆ. ಹೊರಗಿನವರು ಬರೆದ ಒಕ್ಕೂಟ ಇಲ್ಲಿ ನಿಂತಿತು, ಬೋಸ್ನಿಯಾದಲ್ಲಿ ಯಾಕೆ ತೆವಳುತ್ತಿದೆ? ಅದನ್ನೂ ಅಮೆರಿಕದ ಡೇಟನ್‌ನ ವಾಯುಪಡೆ ನೆಲೆಯಲ್ಲಿ ಕೂರಿಸಿ ಬರೆಸಿದರು, 1995ರಲ್ಲಿ. ಸಹಿ ಹಾಕಿಸಿದ್ದು ಮತ್ತೆ ಪ್ಯಾರಿಸ್‌ನಲ್ಲೇ, ಡಿಸೆಂಬರ್ 14ಕ್ಕೆ. ದೇಶದ ಸಂವಿಧಾನ ಆ ಒಪ್ಪಂದದ ನಾಲ್ಕನೇ ಅನುಬಂಧ. ಎರಡು ಘಟಕ, ಅದರಲ್ಲಿ ಒಂದಕ್ಕೆ ಹತ್ತು ಕ್ಯಾಂಟನ್, ಅಧ್ಯಕ್ಷ ಪೀಠದಲ್ಲಿ ಮೂವರು. ಮೇಲೆ ಹೊರದೇಶದ ಒಬ್ಬ ಹೈ ರೆಪ್ರೆಸೆಂಟೇಟಿವ್. 1997ರಿಂದ ಆತ ಕಾನೂನು ಹೇರಬಹುದು, ಚುನಾಯಿತರನ್ನು ತೆಗೆಯಬಹುದು. ಯುದ್ಧ ನಿಂತಿತು, ಅದು ಸಣ್ಣ ಮಾತಲ್ಲ. ಆದರೆ ರಾಜಕೀಯ ಆ ಒಪ್ಪಂದದ ದಿನದಲ್ಲೇ ನಿಂತು ಹೋಗಿದೆ.

ಸರೋವರದ_ದಡ

ಇದಕ್ಕೆ ನನಗೆ ತೋಚಿದ್ದು ಹೇಳುತ್ತೇನೆ. ಡೇಟನ್ ಒಪ್ಪಂದ ಯಾರು ಎಲ್ಲಿ ಗೆದ್ದು ನಿಂತಿದ್ದರೋ ಆ ಗೆರೆಯನ್ನೇ ಹೆಚ್ಚು ಕಡಿಮೆ ಗಟ್ಟಿ ಮಾಡಿತು. ಪೀಠದ ಮೂರು ಸೀಟೂ ಮೂರು ಜನಾಂಗಗಳ ಹೆಸರಿಗೆ. ಅದರಲ್ಲಿ ಸೇರದವನು ನಿಲ್ಲುವ ಹಾಗೇ ಇಲ್ಲ. 1803ರ ಪತ್ರ ಕ್ಯಾಂಟನ್‌ಗಳನ್ನು ವಾಪಸ್ ಕೊಟ್ಟಿತು, ಜೊತೆಗೆ ಆರು ನಾಡುಗಳನ್ನು ಸಮಾನವಾಗಿ ಒಳಗೆ ಕೂರಿಸಿತು. ಇನ್ನು ಮುಂದೆ ಒಕ್ಕೂಟ ಉಳಿದರೆ ಲಾಭ ಇರುವ ಜನ ಒಳಗೇ ಇದ್ದರು. ಬೊನಪಾರ್ಟನ ಮೇಲಿನ ಪ್ರೀತಿಗೆ ಅಲ್ಲ. ಒಕ್ಕೂಟ ಹೋದರೆ ಬರ್ನ್‌ನ ಅಮಲ್ದಾರ ಮತ್ತೆ ಬಂದು ಕೋಟೆಯಲ್ಲಿ ಕೂರುತ್ತಾನೆ ಅನ್ನುವ ಭಯಕ್ಕೆ.

ಹಾಗಾಗಿ ನೋಡಬೇಕಾದ ವರ್ಷ 1803 ಅಲ್ಲ, 1814.

ಬೆಲ್ಲದ_ಕಾಫಿ

1814ರಲ್ಲಿ ಏನಾಯಿತು ಅಕ್ಕಾ?

ಸರೋವರದ_ದಡ

ಮಧ್ಯಸ್ಥ ಸೋತ. 1813ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾ ಸೈನ್ಯ ಒಳಗೆ ಬಂತು, 29ನೇ ತಾರೀಕು ಆ ಪತ್ರ ರದ್ದಾಯಿತು. ಬರ್ನ್ ಕೂಡಲೇ ವೋ, ಆರ್ಗಾವ್ ನಮ್ಮದು, ವಾಪಸ್ ಕೊಡಿ ಅಂತ ಕೇಳಿತು. ಹೊಸ ಕ್ಯಾಂಟನ್‌ಗಳು ಕೊಡಲ್ಲ ಅಂದವು. ಏಪ್ರಿಲ್ 1814ರಿಂದ ಆಗಸ್ಟ್ 1815ರವರೆಗೆ ಒಂದೇ ಸಭೆ ಎಳೆದಾಡಿತು.

ಈಗ ಮೇಷ್ಟ್ರು ನೆನಪಿಡಿ ಅಂದ ಶಿಷ್ಯ ಬರುತ್ತಾನೆ. ಯುರೋಪಿನಲ್ಲಿ ಆಗ ಎಲ್ಲರಿಗಿಂತ ದೊಡ್ಡ ಕೈ ತ್ಸಾರ್ ಅಲೆಕ್ಸಾಂಡರನದು. ಆತನ ಕಿವಿಯ ಹತ್ತಿರ ಹಳೇ ಗುರು ಲಾ ಹಾರ್ಪ್. 19 ಕ್ಯಾಂಟನ್‌ಗಳು ಹಾಗೇ ಇರಲಿ ಅಂತ ರಷ್ಯಾ ಪಟ್ಟು ಹಿಡಿಯಿತು. ಬರ್ನ್‌ಗೆ ಸಮಾಧಾನಕ್ಕೆ ಯೂರಾ ಬೆಟ್ಟದ ಕಡೆಯ ಬಿಷಪ್ ಸೀಮೆ ಕೊಟ್ಟರು. ವಾಲೇ, ಜಿನೀವಾ, ನೂಶಾತೆಲ್ ಸೇರಿ 22 ಆಯಿತು.

ಉತ್ತರದ_ಗಾಳಿ

ಅಂದರೆ ಒಬ್ಬ ಹೊರಗಿನವನು ಕೊಟ್ಟದ್ದನ್ನು ಇನ್ನೊಬ್ಬ ಹೊರಗಿನವನು ಉಳಿಸಿದ. ಇದರಲ್ಲಿ ನಿಮ್ಮ ವೋನವರ ಸಾಧನೆ ಏನು ಬಂತು? ಯೂರಾದ ಫ್ರೆಂಚ್ ಮಾತಾಡುವ ಜನರನ್ನು ಕೇಳದೆ ಬರ್ನ್‌ಗೆ ಕಟ್ಟಿದರಲ್ಲ, ಆ ಜಗಳ ಮುಗಿದು ಯೂರಾ ಕ್ಯಾಂಟನ್ ಆಗಲು 1979 ಬರಬೇಕಾಯಿತು.

ಇತಿಹಾಸ_ಮೇಷ್ಟ್ರು

ಯೂರಾ ಮಾತು ಒಪ್ಪಲೇಬೇಕು. 1815ರ ಒಪ್ಪಂದವೂ ಸಡಿಲವೇ. ಕೇಂದ್ರಕ್ಕೆ 1803ಕ್ಕಿಂತ ಇನ್ನೂ ಕಡಿಮೆ ಬಲ.

ಆದರೆ ಸಾಧನೆ ಕೇಳಿದಿರಲ್ಲ, 1848 ನೋಡಿ. 1847ರ ನವೆಂಬರ್‌ನಲ್ಲಿ ಕ್ಯಾಂಟನ್‌ಗಳ ನಡುವೆಯೇ ಯುದ್ಧ ಆಯಿತು. ಒಕ್ಕೂಟದ ಕಡೆಯ ಜನರಲ್ ದ್ಯುಫೂರ್ ನಾಲ್ಕು ವಾರದೊಳಗೆ ಮುಗಿಸಿದ, ಸತ್ತವರು ನೂರರ ಆಸುಪಾಸು. ಆಮೇಲೆ ಹೊಸ ಸಂವಿಧಾನಕ್ಕೆ ಕೂತರು. ಆಸ್ಟ್ರಿಯಾ, ಪ್ರಷ್ಯಾ, ಫ್ರಾನ್ಸ್ ಆಕ್ಷೇಪದ ಪತ್ರ ಕಳಿಸಿದವು. ಅಷ್ಟರಲ್ಲಿ ಅವರ ಊರುಗಳಲ್ಲೇ ಕ್ರಾಂತಿ ಹೊತ್ತಿಕೊಂಡಿತು, ಇತ್ತ ಬರಲು ಪುರುಸೊತ್ತಾಗಲಿಲ್ಲ. ಹೊರಗಿನವರ ಕೈ ಇಲ್ಲದೆ ಬರೆದ ಮೊದಲ ಸಂವಿಧಾನ ಅದು. ಸೆಪ್ಟೆಂಬರ್ 12ಕ್ಕೆ ಜಾರಿಗೆ ಬಂತು. ಮೂರು ಭಾಷೆಗಳು ರಾಷ್ಟ್ರಭಾಷೆ ಅಂತ ಅದರಲ್ಲೇ ಬರೆದರು.

ಕರಡು ಬರೆದ ಇಬ್ಬರು ಯಾರು? ಥೂರ್ಗಾವ್‌ನ ಯೋಹಾನ್ ಕೊನ್ರಾಡ್ ಕೆರ್ನ್, ವೋ ಕ್ಯಾಂಟನ್ನಿನ ಆನ್ರಿ ದ್ರುಯೆ. ಇಬ್ಬರ ಕ್ಯಾಂಟನ್ನೂ 1803ರದು. ಮೊದಲ ಕೇಂದ್ರ ಸರ್ಕಾರದಲ್ಲಿ ಏಳು ಜನ. ಅವರಲ್ಲಿ ದ್ರುಯೆ ವೋದವನು, ಫ್ರಾನ್ಸಿನಿ ಟಿಚಿನೊದವನು, ಫ್ರೈ ಹೆರೋಸೆ ಆರ್ಗಾವ್‌ನವನು, ನೇಫ್ ಸೇಂಟ್ ಗಾಲೆನ್‌ನವನು. ಏಳರಲ್ಲಿ ನಾಲ್ಕು, ಅರ್ಧಕ್ಕಿಂತ ಜಾಸ್ತಿ, ಐವತ್ತು ವರ್ಷ ಹಿಂದೆ ಬೇರೆಯವರ ಅಮಲ್ದಾರನಿಗೋ ಮಠದ ಒಡೆಯನಿಗೋ ಕೈ ಮುಗಿಯುತ್ತಿದ್ದ ನಾಡುಗಳಿಂದ.

ಗಂಜಾಂ_ಹುಡುಗ

ಇದು ಚೆನ್ನಾಗಿದೆ ಮೇಷ್ಟ್ರೇ. ಬೆಟ್ಟದ ಹಳೇ ಮೂರು ಕ್ಯಾಂಟನ್‌ನವರು ಯಾರೂ ಇರಲಿಲ್ವಾ?

ಇತಿಹಾಸ_ಮೇಷ್ಟ್ರು

ಒಬ್ಬರೂ ಇಲ್ಲ. ಅವರು 1847ರಲ್ಲಿ ಸೋತ ಕಡೆ ಇದ್ದರು. 1848ರ ಮತದಲ್ಲೂ ಬೇಡ ಅಂದರು. ಉಳಿದ ಮೂವರು ಜ್ಯೂರಿಕ್, ಬರ್ನ್, ಸೊಲೊಥುರ್ನ್‌ನವರು.

ಉತ್ತರದ_ಗಾಳಿ

ಆಯ್ತು ರೀ, ಏಳರಲ್ಲಿ ನಾಲ್ಕು ನಿಮ್ಮ ಕಡೆ. ಆದರೂ ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲಿ ಕೂರಬೇಕು ಅಂತ ಮತ ಹಾಕಿದಾಗ ಗೆದ್ದದ್ದು ಬರ್ನ್. ಲೊಸಾನ್‌ನವರು ಸರ್ಕಾರಿ ಕೆಲಸಕ್ಕೆ ಇವತ್ತಿಗೂ ಬರ್ನ್‌ಗೇ ರೈಲು ಹತ್ತಬೇಕು.

ಸರೋವರದ_ದಡ

ನನ್ನ ವೀಸಾ ಕೆಲಸ ಇಲ್ಲೇ ಕ್ಯಾಂಟನ್ ಆಫೀಸಿನಲ್ಲಿ ಆಗುತ್ತದೆ ಸರ್. ಭಾರತದ ರಾಯಭಾರ ಕಚೇರಿಗೆ ಮಾತ್ರ ಬರ್ನ್‌ಗೆ ಹೋಗಬೇಕು. ಮುಂದಿನ ಸಲ ಹೋದಾಗ ಕರಡಿ ನೋಡಿಕೊಂಡು ಬರುತ್ತೇನೆ, ಈಗ ಅಲ್ಲಿ ನದಿ ದಡದಲ್ಲೇ ಜಾಗ ಮಾಡಿ ಬಿಟ್ಟಿದ್ದಾರೆ. ಬೋಸ್ನಿಯಾ ಬಗ್ಗೆ ಹಳೇ ಪೇಟೆಯವರು ಬೇರೆ ಎಳೆ ತೆರೆದರೆ ಅಲ್ಲಿ ಸಿಗೋಣ.